ಹೃದಯ ಸರಿಹೋಯಿತು, ಮಾತು ಯಾಕೆ ತಡ?

ಡನ್ ಲಿಯರಿಯಲ್ಲಿ ಮನೆ, ಕ್ರಮ್ಲಿನ್ ಮಕ್ಕಳ ಆಸ್ಪತ್ರೆಯಲ್ಲಿ ಮಗುವಿನ ಹೃದಯದ ಆಪರೇಷನ್. ಗಾಯ ಒಣಗಿದೆ, ಎಕೋ ರಿಪೋರ್ಟ್ ಚೆನ್ನಾಗಿದೆ. ಆದರೆ ಎರಡು ವರ್ಷವಾದರೂ ಮಾತು ಬರುತ್ತಿಲ್ಲ. ಊರಿನಿಂದ ಅಜ್ಜಿ ಸಮಾಧಾನ ಹೇಳುತ್ತಾರೆ: "ಮನೇಲಿ ಕನ್ನಡ, ಹೊರಗೆ ಇಂಗ್ಲಿಷ್. ತಡ ಆಗತ್ತೆ ಬಿಡು." ನಿಮ್ಮ ಮನೆಯಲ್ಲೂ ಹೀಗಿದ್ದರೆ, ದಯವಿಟ್ಟು ಅಷ್ಟಕ್ಕೇ ಬಿಡಬೇಡಿ.

ನೂರು ಮಕ್ಕಳಲ್ಲಿ ಸುಮಾರು ಒಂದು ಮಗು ಹೃದಯದ ತೊಂದರೆಯೊಂದಿಗೆ ಹುಟ್ಟುತ್ತದೆ. ಎಲ್ಲರ ಬೆಳವಣಿಗೆಯೂ ಕುಂಠಿತವಾಗುವುದಿಲ್ಲ. ಆದರೆ ಹಸುಗೂಸಾಗಿದ್ದಾಗಲೇ ಓಪನ್ ಹಾರ್ಟ್ ಸರ್ಜರಿಯಾದವರು, ಮೈ ನೀಲಿಗಟ್ಟುವ ಬಗೆಯ ಕಾಯಿಲೆಯಿದ್ದವರು, ದಿನ ತುಂಬುವ ಮೊದಲೇ ಹುಟ್ಟಿದವರು, ಡೌನ್ ಸಿಂಡ್ರೋಮ್ ಇರುವವರು, ಇವರ ಮೇಲೆ ಹೆಚ್ಚು ಗಮನ ಬೇಕು. ಕೆಲವರಲ್ಲಿ ಗರ್ಭದಲ್ಲೇ ಮೆದುಳಿಗೆ ಆಮ್ಲಜನಕ ಕಡಿಮೆ ಸಿಕ್ಕಿರುತ್ತದೆ. ನಡಿಗೆ, ಮಾತು ತಡವಾಗಬಹುದು. ಶಾಲೆಗೆ ಹೋದ ಮೇಲೆ ಗಮನವಿಟ್ಟು ಕೂರುವುದು, ಕಲಿಯುವುದು ಕಷ್ಟವಾಗಬಹುದು. ಅದಕ್ಕೇ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಇಂಥ ಮಕ್ಕಳ ಬೆಳವಣಿಗೆಯನ್ನು 12–24 ತಿಂಗಳಲ್ಲಿ, 3–5 ವರ್ಷದಲ್ಲಿ, ಮತ್ತೆ 11–12 ವರ್ಷದಲ್ಲಿ ಪರೀಕ್ಷಿಸಬೇಕೆಂದು ಸಲಹೆ ನೀಡಿತು.

ಎರಡು ಭಾಷೆ ಕಲಿಯುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಮಗುವಿನ ಪದಗಳನ್ನು ಎಣಿಸುವಾಗ ಕನ್ನಡ, ಇಂಗ್ಲಿಷ್ ಎರಡನ್ನೂ ಕೂಡಿಸಿ. ಎರಡು ವರ್ಷಕ್ಕೆ ಒಟ್ಟು 50 ಪದಗಳಿಲ್ಲದಿದ್ದರೆ, "ಅಮ್ಮ ಬಾ", "ಮೋರ್ ಹಾಲು" ಎಂಬಂಥ ಜೋಡಿಮಾತು ಬರದಿದ್ದರೆ ಕಾಯುತ್ತಾ ಕೂರಬೇಡಿ. ಹಾಗೆಂದು ಕನ್ನಡ ನಿಲ್ಲಿಸಲೂ ಬೇಡಿ. ನಿಲ್ಲಿಸಿದರೆ ಮಗುವಿನ ಕಿವಿಗೆ ಬೀಳುವ ಮಾತೇ ಕಡಿಮೆಯಾಗುತ್ತದೆ.

ಈಗ ಏನು ಮಾಡಬೇಕು?

• ಪಬ್ಲಿಕ್ ಹೆಲ್ತ್ ನರ್ಸ್ ಬೆಳವಣಿಗೆಯ ತಪಾಸಣೆ ಮಾಡುವಾಗ ಹೃದಯದ ಆಪರೇಷನ್ ವಿಷಯ ಮೊದಲೇ ಹೇಳಿ.

• ಜಿಪಿ ಹತ್ತಿರ ಕಿವಿಯ ಪರೀಕ್ಷೆಗೂ ಸ್ಪೀಚ್ ಥೆರಪಿಗೂ ರೆಫರಲ್ ಕೇಳಿ.

• ಮಗು ಆಡುವ ಪದಗಳನ್ನು ಎರಡೂ ಭಾಷೆಯಲ್ಲಿ ಬರೆದುಕೊಂಡು ಹೋಗಿ. ಕನ್ನಡವನ್ನೂ ಪರಿಗಣಿಸುವಂತೆ ಕೇಳಿ. ಬೇಕಿದ್ದರೆ ದುಭಾಷಿಯನ್ನೂ ಕೇಳಿ.

• ಅಂಗವೈಕಲ್ಯದ ಅನುಮಾನವಿದ್ದರೆ, 2005ರ ಡಿಸಬಿಲಿಟಿ ಕಾಯ್ದೆಯಡಿ 'ಅಸೆಸ್‌ಮೆಂಟ್ ಆಫ್ ನೀಡ್'ಗೆ ಎಚ್‌ಎಸ್‌ಇಗೆ ನೀವೇ ಅರ್ಜಿ ಹಾಕಬಹುದು. ಸರತಿ ಉದ್ದವಿದೆ, ಬೇಗ ಹಾಕಿ.

• ಶಾಲೆ ಸೇರಿಸುವಾಗ ಟೀಚರ್‌ಗೂ ತಿಳಿಸಿ. ಎದೆಯ ಮೇಲಿನ ಗುರುತು ಅಂಗಿಯೊಳಗಿರುತ್ತದೆ. ನೀವು ಹೇಳದಿದ್ದರೆ ಅವರಿಗೆ ಗೊತ್ತಾಗುವುದಿಲ್ಲ.

ತಪಾಸಣೆಯಲ್ಲಿ ಎಲ್ಲ ಸರಿಯಿದೆ ಎಂದು ಗೊತ್ತಾದರೆ ನೆಮ್ಮದಿ. ತೊಂದರೆ ಕಂಡರೆ, ಚಿಕ್ಕ ವಯಸ್ಸಿನಲ್ಲೇ ಸಹಾಯ ಶುರುವಾಗುತ್ತದೆ. ಅಲ್ಲಿಯವರೆಗೆ ರಾತ್ರಿಯ ಕಥೆ ಕನ್ನಡದಲ್ಲೇ ಇರಲಿ.