ನಡಿಗೆಗೂ ಒಂದು ರೋಜುಕೀರ್ದಿ: ದೈಹಿಕ ಚಟುವಟಿಕೆಯನ್ನು ಆಯಾ ಕ್ಷಣದಲ್ಲೇ ಅಳೆಯುವ ವಿಧಾನ

ಅಂಗಡಿಯೊಂದರ ನಗದು ಪುಸ್ತಕವನ್ನು ಎರಡು ರೀತಿಯಲ್ಲಿ ಬರೆಯಬಹುದು. ವ್ಯವಹಾರ ನಡೆದಂತೆಲ್ಲ ಆಯಾ ಹೊತ್ತಿಗೇ ನಮೂದಿಸುವುದು ಒಂದು ರೀತಿ. ತಿಂಗಳ ಕೊನೆಯಲ್ಲಿ ಕುಳಿತು, ಮೂವತ್ತು ದಿನಗಳ ಲೆಕ್ಕವನ್ನು ನೆನಪಿನ ಬಲದಿಂದ ಒಂದೇ ಕೈಬರಹದಲ್ಲಿ, ಒಂದೇ ಶಾಯಿಯಲ್ಲಿ ಬರೆದು ಮುಗಿಸುವುದು ಇನ್ನೊಂದು. ಎರಡೂ ಪುಸ್ತಕಗಳು ನೋಡಲು ಅಚ್ಚುಕಟ್ಟಾಗಿಯೇ ಇರುತ್ತವೆ; ಎರಡರಲ್ಲೂ ಮೊತ್ತ ತಾಳೆಯಾಗುತ್ತದೆ. ಆದರೆ ಲೆಕ್ಕ ಪರಿಶೋಧನೆಯ ದೃಷ್ಟಿಯಲ್ಲಿ ಮೊದಲನೆಯದು ಸಾಕ್ಷ್ಯ. ಎರಡನೆಯದು ಕೇವಲ ಹೇಳಿಕೆ.

ಮನುಷ್ಯನು ದಿನಕ್ಕೆ ಎಷ್ಟು ಹೊತ್ತು ನಡೆಯುತ್ತಾನೆ, ಎಷ್ಟು ಹೊತ್ತು ಕುಳಿತಿರುತ್ತಾನೆ ಎಂಬ ಲೆಕ್ಕವನ್ನು ಜಗತ್ತು ಬಹುಕಾಲ ಈ ಎರಡನೆಯ ರೀತಿಯಲ್ಲಿಯೇ ಬರೆಯುತ್ತ ಬಂದಿದೆ. ವಯಸ್ಕರು ವಾರಕ್ಕೆ ಕನಿಷ್ಠ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ವೈದ್ಯರು "ದಿನವೂ ನಡೆಯುತ್ತೀರಾ?" ಎಂದು ಕೇಳಿದಾಗ ವರ್ತಕರು ಸಾಮಾನ್ಯವಾಗಿ ಕೊಡುವ ಉತ್ತರ, "ಬೆಳಗಿನಿಂದ ರಾತ್ರಿಯವರೆಗೆ ಅಂಗಡಿಯಲ್ಲಿ ಓಡಾಟವೇ" ಎಂಬುದು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ವಿಷಯದಲ್ಲಿ ಮುಂದಿನ ಸಲಹೆಯು ಈ ಉತ್ತರವನ್ನೇ ಅವಲಂಬಿಸಬಹುದು. ಆ ಉತ್ತರ ನಿಜವೇ ಎಂದು ಪರಿಶೀಲಿಸುವ ಸಾಧನವೊಂದು ಕಳೆದ ಕೆಲವು ದಶಕಗಳಲ್ಲಿ ರೂಪುಗೊಂಡಿದೆ.

ನೆನಪಿನ ಲೆಕ್ಕದ ದೋಷ

ದೈಹಿಕ ಚಟುವಟಿಕೆಯ ಸಮೀಕ್ಷೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಪ್ರಶ್ನಾವಳಿ. ಅಂತರರಾಷ್ಟ್ರೀಯ ದೈಹಿಕ ಚಟುವಟಿಕೆ ಪ್ರಶ್ನಾವಳಿಯು ಕಳೆದ 7 ದಿನಗಳ ಲೆಕ್ಕವನ್ನು ಕೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿಯು ಒಂದು ಸಾಮಾನ್ಯ ವಾರದಲ್ಲಿ ಏನು ನಡೆಯುತ್ತದೆ ಎಂದು ಕೇಳುತ್ತದೆ. ಭಾರತ ಸರ್ಕಾರವು 2019ರಲ್ಲಿಯೂ 2024ರಲ್ಲಿಯೂ ನಡೆಸಿದ ಸಮಯ ಬಳಕೆ ಸಮೀಕ್ಷೆಗಳಲ್ಲಿ ಹಿಂದಿನ ದಿನದ 24 ಗಂಟೆಗಳ ವಿವರವನ್ನು ಸಂದರ್ಶನದ ಮೂಲಕ ಸಂಗ್ರಹಿಸಲಾಯಿತು. ಅವಧಿ ಕಿರಿದಾದಷ್ಟೂ ತಪ್ಪು ಕಡಿಮೆಯಾಗುವುದು ಸಹಜ. ಆದರೂ ಇವೆಲ್ಲವೂ ನೆನಪಿನ ಲೆಕ್ಕಗಳೇ.

ನೆನಪು ತಪ್ಪುವುದಕ್ಕೆ ಕಾರಣಗಳಿವೆ. ಬೆಳಗಿನ ವಾಯುವಿಹಾರದಂತಹ ಯೋಜಿತ ಚಟುವಟಿಕೆ ನೆನಪಿನಲ್ಲಿ ಉಳಿಯುತ್ತದೆ. ಗೋದಾಮಿಗೆ ಹತ್ತು ಸಲ ಹೋಗಿ ಬಂದದ್ದು ಉಳಿಯುವುದಿಲ್ಲ. ದಣಿವನ್ನೇ ಶ್ರಮವೆಂದು ಎಣಿಸುವುದೂ ಉಂಟು: ದಿನವಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರೂ ರಾತ್ರಿ ದಣಿದಿರುತ್ತಾರೆ. ಇದಲ್ಲದೆ, ತಾನು ಕುಳಿತೇ ಇರುವವನೆಂದು ಒಪ್ಪಿಕೊಳ್ಳಲು ಯಾರಿಗೂ ಮನಸ್ಸಿರುವುದಿಲ್ಲ.

ಈ ದೋಷದ ಗಾತ್ರವೆಷ್ಟು ಎಂಬುದಕ್ಕೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯೊಂದು ಉದಾಹರಣೆ. 2003-04ರಲ್ಲಿ ಜನರ ಸೊಂಟಕ್ಕೆ ಚಲನೆಯನ್ನು ದಾಖಲಿಸುವ ಸಣ್ಣ ಉಪಕರಣವನ್ನು ಕಟ್ಟಿ ಅಳೆಯಲಾಯಿತು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ದಿನಕ್ಕೆ 30 ನಿಮಿಷಗಳ ಶಿಫಾರಸನ್ನು ಪಾಲಿಸುತ್ತಿದ್ದ ವಯಸ್ಕರು ಶೇ. 5ಕ್ಕಿಂತ ಕಡಿಮೆ. ಜನರು ಬಾಯಿಮಾತಿನಲ್ಲಿ ಹೇಳಿಕೊಳ್ಳುತ್ತಿದ್ದ ಪ್ರಮಾಣ ಇದರ ಹಲವು ಪಟ್ಟು ಇತ್ತು. ಉಪಕರಣಕ್ಕೂ ಮಿತಿಯುಂಟು. ಸೊಂಟದ ಮೇಲಿನ ಉಪಕರಣ ಸೈಕಲ್ ತುಳಿಯುವುದನ್ನು, ಭಾರ ಎತ್ತುವುದನ್ನು ಸರಿಯಾಗಿ ಎಣಿಸದು. ಮಾಡಿದ ಕೆಲಸ ಯಾವುದು, ಎಲ್ಲಿ, ಯಾರೊಡನೆ ಎಂಬುದನ್ನು ಹೇಳದು. ಆದುದರಿಂದ ಮನುಷ್ಯನನ್ನೇ ಕೇಳಬೇಕು. ಆದರೆ ನೆನಪಿಗೆ ಅವಕಾಶ ಕೊಡದೆ ಕೇಳಬೇಕು.

ವಿಧಾನದ ಸ್ವರೂಪ

ವಿಧಾನ ಸರಳವಾಗಿದೆ. ದಿನದ ನಾನಾ ಹೊತ್ತುಗಳಲ್ಲಿ, ಮೊದಲೇ ಗೊತ್ತಿಲ್ಲದ ಕ್ಷಣಗಳಲ್ಲಿ, ಮೊಬೈಲ್ ಫೋನು ಸದ್ದು ಮಾಡುತ್ತದೆ. "ಈ ಕ್ಷಣದಲ್ಲಿ ಏನು ಮಾಡುತ್ತಿದ್ದೀರಿ?" ಎಂಬ ಪ್ರಶ್ನೆ ತೆರೆಯ ಮೇಲೆ ಬರುತ್ತದೆ. ಕುಳಿತಿರುವುದು, ನಿಂತಿರುವುದು, ನಡೆಯುತ್ತಿರುವುದು ಎಂಬ ಉತ್ತರಗಳಲ್ಲಿ ಒಂದನ್ನು ಒತ್ತಿದರೆ ನಮೂದು ಮುಗಿಯಿತು. ಉತ್ತರದೊಡನೆ ಸಮಯವೂ ತಾನಾಗಿ ದಾಖಲಾಗುತ್ತದೆ. ಆರ್ಥರ್ ಸ್ಟೋನ್ ಮತ್ತು ಸಾಲ್ ಶಿಫ್‌ಮನ್ ಎಂಬ ವಿದ್ವಾಂಸರು 1994ರಲ್ಲಿ ಇದಕ್ಕೆ 'ಇಕಾಲಜಿಕಲ್ ಮೊಮೆಂಟರಿ ಅಸೆಸ್‌ಮೆಂಟ್' ಎಂಬ ಹೆಸರನ್ನು ಕೊಟ್ಟರು. ಸಹಜ ಪರಿಸರದಲ್ಲಿ, ಆಯಾ ಕ್ಷಣದಲ್ಲಿಯೇ ಮಾಡುವ ಅಳತೆ ಎಂಬುದು ಇದರ ಭಾವ. ಇದಕ್ಕೂ ಮೊದಲು, 1970ರ ದಶಕದಲ್ಲಿ, ಷಿಕಾಗೋ ವಿಶ್ವವಿದ್ಯಾಲಯದ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಹಾಗೂ ಅವರ ಸಹೋದ್ಯೋಗಿಗಳು ಪೇಜರ್ ಸದ್ದಿನ ಮೂಲಕ ಜನರನ್ನು ಎಚ್ಚರಿಸಿ, ಆ ಕ್ಷಣದ ಅನುಭವವನ್ನು ಬರೆಯಿಸಿಕೊಂಡಿದ್ದರು.

ಈ ವಿಚಾರ ಉದ್ಯಮಿಗಳಿಗೆ ಹೊಸದೇನಲ್ಲ. 1930ರ ದಶಕದಲ್ಲಿ ಎಲ್. ಎಚ್. ಸಿ. ಟಿಪ್ಪೆಟ್ ಎಂಬ ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞರು ಹತ್ತಿ ಗಿರಣಿಗಳಲ್ಲಿ ಇದೇ ತತ್ತ್ವವನ್ನು ಬಳಸಿದರು. ಪ್ರತಿ ಮಗ್ಗದ ಪಕ್ಕದಲ್ಲಿ ಗಡಿಯಾರ ಹಿಡಿದು ದಿನವಿಡೀ ನಿಲ್ಲುವ ಬದಲು, ಆಗಾಗ ಸುತ್ತುಹಾಕಿ, ನೋಡಿದ ಕ್ಷಣದಲ್ಲಿ ಮಗ್ಗ ಓಡುತ್ತಿದೆಯೇ ನಿಂತಿದೆಯೇ ಎಂದಷ್ಟೇ ಗುರುತು ಹಾಕಿಕೊಂಡರೆ ಸಾಕು. ನೂರು ನೋಟಗಳಲ್ಲಿ ಇಪ್ಪತ್ತು ಸಲ ನಿಂತಿದ್ದರೆ, ಮಗ್ಗವು ಸುಮಾರು ಶೇ. 20ರಷ್ಟು ಸಮಯ ನಿಂತಿರುತ್ತದೆ ಎಂದು ಅಂದಾಜಿಸಬಹುದು. ಕೈಗಾರಿಕಾ ನಿರ್ವಹಣೆಯಲ್ಲಿ ವರ್ಕ್ ಸ್ಯಾಂಪ್ಲಿಂಗ್ ಎಂದು ಕರೆಯುವುದು ಇದನ್ನೇ. ಇಲ್ಲಿ ಮಗ್ಗದ ಸ್ಥಾನದಲ್ಲಿ ಮನುಷ್ಯನಿದ್ದಾನೆ. ವೀಕ್ಷಕನೂ ಅವನೇ ಆಗಿದ್ದಾನೆ.

ಬರೆದ ಹೊತ್ತಿಗೆ ಸಾಕ್ಷಿ ಬೇಕು

ಕಾಗದದ ದಿನಚರಿ ಸಾಲದೇ ಎಂಬ ಪ್ರಶ್ನೆ ಏಳಬಹುದು. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಸ್ಟೋನ್ ಮತ್ತು ಸಂಗಡಿಗರ ಅಧ್ಯಯನ ಇದಕ್ಕೆ ಉತ್ತರ ನೀಡುತ್ತದೆ. ಅದರ ವಿಷಯ ನಡಿಗೆಯಲ್ಲ, ದೀರ್ಘಕಾಲದ ನೋವು. ಆದರೆ ಪಾಠ ಎಲ್ಲ ಸ್ವಯಂ ವರದಿಗಳಿಗೂ ಅನ್ವಯಿಸುತ್ತದೆ. 80 ಮಂದಿಯಲ್ಲಿ ಕೆಲವರಿಗೆ ಕಾಗದದ ದಿನಚರಿಯನ್ನೂ ಉಳಿದವರಿಗೆ ವಿದ್ಯುನ್ಮಾನ ದಿನಚರಿಯನ್ನೂ ಕೊಡಲಾಯಿತು. ಕಾಗದದ ದಿನಚರಿಯನ್ನು ಯಾವಾಗ ತೆರೆಯಲಾಯಿತು ಎಂಬುದನ್ನು ದಾಖಲಿಸುವ ಬೆಳಕಿನ ಸಂವೇದಕವೊಂದನ್ನು, ಬಳಕೆದಾರರಿಗೆ ತಿಳಿಯದಂತೆ, ಅದರಲ್ಲಿ ಅಡಗಿಸಲಾಗಿತ್ತು.

ಕಾಗದದ ದಿನಚರಿಯವರು ಶೇ. 90ರಷ್ಟು ನಮೂದುಗಳನ್ನು ಸರಿಯಾದ ಹೊತ್ತಿಗೆ ಬರೆದಂತೆ ತೋರಿಸಿದ್ದರು. ಸಂವೇದಕದ ಪ್ರಕಾರ ನಿಜವಾಗಿ ಹೊತ್ತಿಗೆ ಬರೆದದ್ದು ಶೇ. 11 ಮಾತ್ರ. ಶೇ. 32ರಷ್ಟು ದಿನಗಳಲ್ಲಿ ದಿನಚರಿಯನ್ನು ತೆರೆದೇ ಇರಲಿಲ್ಲ. ಆದರೂ ಆ ದಿನಗಳ ಪುಟಗಳು ಭರ್ತಿಯಾಗಿದ್ದವು! ಸಮಯವನ್ನು ತಾನೇ ದಾಖಲಿಸುವ ವಿದ್ಯುನ್ಮಾನ ದಿನಚರಿಯಲ್ಲಿ ಹೊತ್ತಿಗೆ ಸರಿಯಾದ ನಮೂದುಗಳು ಶೇ. 94ರಷ್ಟಿದ್ದವು. ತಿಂಗಳ ಕೊನೆಯಲ್ಲಿ ಬರೆದ ನಗದು ಪುಸ್ತಕವನ್ನು ಕಂಡವರಿಗೆ ಈ ಅಂಕಿಗಳು ಆಶ್ಚರ್ಯವನ್ನುಂಟುಮಾಡಲಾರವು.

ಇಲ್ಲದ ವೋಚರುಗಳು ಹೇಳುವ ಮಾತು

ಹಾಗೆಂದು ಆಯಾ ಕ್ಷಣದ ನಮೂದುಗಳೆಲ್ಲವನ್ನೂ ಕಣ್ಣುಮುಚ್ಚಿ ನಂಬಬಹುದೆಂದಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೆನೆವೀವ್ ಡಂಟನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಈ ದೃಷ್ಟಿಯಿಂದ ಗಮನಾರ್ಹವಾದುದು. 110 ಮಂದಿ ವಯಸ್ಕರಿಗೆ ಶನಿವಾರದಿಂದ ಮಂಗಳವಾರದವರೆಗೆ 4 ದಿನಗಳ ಕಾಲ, ದಿನಕ್ಕೆ 8 ಬಾರಿಯಂತೆ ಮೊಬೈಲಿನಲ್ಲಿ ಪ್ರಶ್ನೆ ಕೇಳಲಾಯಿತು. ಜೊತೆಗೆ ಅವರು ಚಲನೆ ಅಳೆಯುವ ಉಪಕರಣವನ್ನೂ ಧರಿಸಿದ್ದರು. ಹೀಗಾಗಿ ಪ್ರತಿಯೊಂದು ಹೇಳಿಕೆಯನ್ನೂ, ಅದರ ಹಿಂದಿನ ಮತ್ತು ಮುಂದಿನ 15 ನಿಮಿಷಗಳ ಯಂತ್ರದ ದಾಖಲೆಯೊಡನೆ ತಾಳೆ ನೋಡಲು ಸಾಧ್ಯವಾಯಿತು.

ಫಲಿತಾಂಶಗಳು ಮೂರು. ಒಂದು, ಹೇಳಿಕೆಗೂ ದಾಖಲೆಗೂ ಹೊಂದಾಣಿಕೆ ಇತ್ತು: ವ್ಯಾಯಾಮ ಎಂದು ಒತ್ತಿದವರ ಉಪಕರಣದಲ್ಲಿ ಚಲನೆ ಹೆಚ್ಚಾಗಿತ್ತು, ಕುಳಿತಿರುವೆ ಎಂದವರ ಉಪಕರಣದಲ್ಲಿ ನಿಶ್ಚಲತೆ ಹೆಚ್ಚಾಗಿತ್ತು. ಎರಡು, ಅಧಿಕ ತೂಕವಿದ್ದವರಲ್ಲಿ, ತಾವು ಕುಳಿತಿರುವುದಾಗಿ ನಮೂದಿಸಿದ ನಂತರ, ಕುಳಿತಿರುವ ಸಮಯ ಕಡಿಮೆಯಾಯಿತು. ಎಂದರೆ ಅಳತೆಯೇ ಅಳೆಯುವ ವಸ್ತುವನ್ನು ಸ್ವಲ್ಪ ಬದಲಿಸಬಲ್ಲದು. ಮೂರು, ಅಧಿಕ ತೂಕವಿಲ್ಲದವರಲ್ಲಿ, ಉತ್ತರ ಕೊಟ್ಟ ಕ್ಷಣಗಳಿಗಿಂತ ಉತ್ತರ ಕೊಡದೆ ಬಿಟ್ಟ ಕ್ಷಣಗಳ ಆಸುಪಾಸಿನಲ್ಲಿ ದೈಹಿಕ ಶ್ರಮ ಹೆಚ್ಚಾಗಿತ್ತು.

ಮೂರನೆಯ ಅಂಶವೇ ಅತ್ಯಂತ ಮುಖ್ಯವಾದುದು. ಓಡುತ್ತಿರುವವನು ಫೋನು ತೆಗೆಯುವುದಿಲ್ಲ, ಕುಳಿತವನು ತೆಗೆಯುತ್ತಾನೆ. ಆದುದರಿಂದ ಬಂದ ಉತ್ತರಗಳನ್ನು ಮಾತ್ರ ಕೂಡಿಸಿದರೆ, ಕುಳಿತ ಸಮಯ ಹೆಚ್ಚಾಗಿಯೂ ನಡೆದ ಸಮಯ ಕಡಿಮೆಯಾಗಿಯೂ ಕಾಣುವ ಸಂಭವವಿದೆ. ನುರಿತ ಲೆಕ್ಕ ಪರಿಶೋಧಕರು ಇರುವ ವೋಚರುಗಳನ್ನು ನೋಡಿ ತೃಪ್ತರಾಗುವುದಿಲ್ಲ. ಯಾವ ಕ್ರಮಸಂಖ್ಯೆಯ ವೋಚರು ಕಾಣೆಯಾಗಿದೆ, ಕಾಣೆಯಾದವುಗಳೆಲ್ಲ ಒಂದೇ ಬಗೆಯವೇ ಎಂದು ಕೇಳುತ್ತಾರೆ. ಇಲ್ಲಿಯೂ ಅದೇ ಪ್ರಶ್ನೆಯನ್ನು ಕೇಳಬೇಕು.

ಒಂದು ಲೆಕ್ಕದ ಉದಾಹರಣೆ

ಒಬ್ಬ ಸಗಟು ವ್ಯಾಪಾರಿಯನ್ನು ಕಲ್ಪಿಸಿಕೊಳ್ಳಬಹುದು. ಬೆಳಿಗ್ಗೆ 8ರಿಂದ ರಾತ್ರಿ 10ರವರೆಗಿನ 14 ಗಂಟೆಗಳಲ್ಲಿ ದಿನಕ್ಕೆ 8 ಸಲದಂತೆ ಒಂದು ವಾರ ಸದ್ದು ಮಾಡಿದರೆ ಒಟ್ಟು 56 ಪ್ರಶ್ನೆಗಳಾಗುತ್ತವೆ. ಎಲ್ಲಕ್ಕೂ ಉತ್ತರ ಬಂದು, ಅವುಗಳಲ್ಲಿ ಕುಳಿತಿರುವುದು 35, ನಿಂತಿರುವುದು 14, ನಡೆಯುತ್ತಿರುವುದು 7 ಎಂದಿದ್ದರೆ, ದಿನಕ್ಕೆ ಕುಳಿತಿರುವ ಸಮಯ ಸುಮಾರು 8 ಗಂಟೆ 45 ನಿಮಿಷ, ನಿಂತಿರುವುದು 3 ಗಂಟೆ 30 ನಿಮಿಷ, ನಡೆಯುವುದು 1 ಗಂಟೆ 45 ನಿಮಿಷ ಎಂದಾಗುತ್ತದೆ. ಆದರೆ ಮಾದರಿ ಚಿಕ್ಕದಾದ್ದರಿಂದ ಸಂಖ್ಯಾಶಾಸ್ತ್ರದ ಪ್ರಕಾರ ನಡಿಗೆಯ ನಿಜವಾದ ಅವಧಿ ಸರಿಸುಮಾರು ಅರ್ಧ ಗಂಟೆಯಿಂದ 3 ಗಂಟೆಗಳ ನಡುವೆ ಎಲ್ಲಿಯಾದರೂ ಇರಬಹುದು. ಇದೇ ಅನುಪಾತ 4 ವಾರಗಳವರೆಗೆ ಮುಂದುವರಿದರೆ ಈ ಅಂತರವು 1 ಗಂಟೆ 10 ನಿಮಿಷದಿಂದ 2 ಗಂಟೆ 20 ನಿಮಿಷದಷ್ಟಕ್ಕೆ ಕಿರಿದಾಗುತ್ತದೆ.

ಈಗ ಉತ್ತರ ಬಾರದ ನಮೂದುಗಳ ಪರಿಣಾಮವನ್ನು ನೋಡೋಣ. 56ರಲ್ಲಿ 40ಕ್ಕೆ ಮಾತ್ರ ಉತ್ತರ ಬಂದು, ಅವುಗಳಲ್ಲಿ 4 ನಡಿಗೆಯೆಂದಿದ್ದರೆ, ಮೇಲ್ನೋಟಕ್ಕೆ ನಡಿಗೆ ದಿನಕ್ಕೆ 1 ಗಂಟೆ 24 ನಿಮಿಷ. ಬಿಟ್ಟುಹೋದ 16 ಕ್ಷಣಗಳಲ್ಲಿ ವ್ಯಾಪಾರಿ ಕುಳಿತೇ ಇದ್ದಿದ್ದರೆ ಅದು 1 ಗಂಟೆಗೆ ಇಳಿಯುತ್ತದೆ. ಎಲ್ಲ 16ರಲ್ಲಿಯೂ ಸರಕು ಸಾಗಿಸುತ್ತ ನಡೆಯುತ್ತಿದ್ದಿದ್ದರೆ 5 ಗಂಟೆಗೆ ಏರುತ್ತದೆ. ಅರ್ಥಾತ್, ಬಾರದ ಉತ್ತರಗಳು ಬಂದ ಉತ್ತರಗಳಷ್ಟೇ ಬೆಲೆಯುಳ್ಳವು.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ನಡೆದ ಸಮಯವೆಲ್ಲ ಆರೋಗ್ಯ ಸಂಸ್ಥೆಯ 150 ನಿಮಿಷಗಳಿಗೆ ಜಮೆಯಾಗುವುದಿಲ್ಲ. ಅಂಗಡಿಯೊಳಗಿನ ನಿಧಾನ ಓಡಾಟವು ಲಘು ಚಟುವಟಿಕೆ. ಮಾತನಾಡಲು ಸಾಧ್ಯವಾದರೂ ಹಾಡಲು ಆಗದಷ್ಟು ಉಸಿರು ಏರುವ ನಡಿಗೆ ಮಧ್ಯಮ ಪ್ರಮಾಣದ್ದು ಎಂಬುದು ಬಳಕೆಯಲ್ಲಿರುವ ಸರಳ ಪರೀಕ್ಷೆ. ಆದುದರಿಂದ "ನಡೆಯುತ್ತಿರುವೆ" ಎಂಬುದರ ಜೊತೆಗೆ "ಉಸಿರು ಏರಿದೆಯೇ?" ಎಂಬ ಪ್ರಶ್ನೆಯೂ ಇರುವುದು ಸೂಕ್ತ.

ಉದ್ಯಮಗಳಲ್ಲಿ ಬಳಸುವಾಗ

ಕಾರ್ಮಿಕರ ಬೆನ್ನುನೋವು, ಭಾರ ಎತ್ತುವ ಕೆಲಸದ ಹಂಚಿಕೆ, ವಿಶ್ರಾಂತಿಯ ಹೊತ್ತು ಮುಂತಾದವನ್ನು ತಿಳಿಯಲು ಕಾರ್ಖಾನೆಗಳೂ ಈ ವಿಧಾನವನ್ನು ಬಳಸಬಹುದು. ಆದರೆ ಮೂರು ನಿಯಮಗಳನ್ನು ಮೀರಬಾರದು.

1. ಓಡುತ್ತಿರುವ ಯಂತ್ರದ ಮುಂದೆ ಇರುವವರಿಗೆ, ವಾಹನ ಚಲಾಯಿಸುವವರಿಗೆ ಸದ್ದು ಕಳಿಸಬಾರದು. ಒಂದು ನಮೂದಿಗಾಗಿ ಒಂದು ಬೆರಳನ್ನು ಪಣಕ್ಕಿಡುವುದು ಯಾವ ಲೆಕ್ಕದಲ್ಲಿಯೂ ಲಾಭವಲ್ಲ.

2. ಉತ್ತರಗಳನ್ನು ಕೂಲಿಗಾಗಲೀ ಬಡ್ತಿಗಾಗಲೀ ಜೋಡಿಸಬಾರದು. ಉತ್ತರದ ಮೇಲೆ ಹಣ ನಿಂತಿದೆ ಎಂದಾದ ಕ್ಷಣದಿಂದ, ಸಾಲದ ಮಿತಿಗಾಗಿ ಉಬ್ಬಿಸಿದ ದಾಸ್ತಾನು ಪಟ್ಟಿಯಂತೆ, ಉತ್ತರಗಳೂ ಉಬ್ಬುತ್ತವೆ. ಆಗ ಅಳತೆಯೂ ಹೋಯಿತು, ವಿಶ್ವಾಸವೂ ಹೋಯಿತು.

3. ಸ್ಪಷ್ಟ ಒಪ್ಪಿಗೆ ಪಡೆದು, ತಿಳಿಸಿದ ಉದ್ದೇಶಕ್ಕೆ ಮಾತ್ರ ಬಳಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಎತ್ತಿಹಿಡಿದಿರುವ ತತ್ತ್ವವೂ ಇದೇ.

ವರ್ತಕರು ಸ್ವತಃ ಮಾಡಬಹುದಾದದ್ದು

ಸ್ವಂತ ಲೆಕ್ಕಕ್ಕೆ ಯಾವ ವಿಶೇಷ ಸಾಧನವೂ ಬೇಕಿಲ್ಲ. ಮನೆಯವರೊಬ್ಬರು ಮೊಬೈಲಿನ ಅಲಾರಂಗಳನ್ನು ಪ್ರತಿದಿನ ಬೇರೆ ಬೇರೆ ಹೊತ್ತಿಗೆ ಇಟ್ಟುಕೊಟ್ಟರೆ ಸಾಕು. ಹೊತ್ತು ಮೊದಲೇ ತಿಳಿದಿದ್ದರೆ ಮನಸ್ಸು ಸಿದ್ಧವಾಗಿಬಿಡುತ್ತದೆ. ಸದ್ದಾದ ಕೂಡಲೆ, ಆ ಕ್ಷಣದ ಸ್ಥಿತಿಯನ್ನು ಒಂದೇ ಪದದಲ್ಲಿ, ಸಮಯ ಸಹಿತ, ಮೊಬೈಲಿನಲ್ಲಿಯೇ ನಮೂದಿಸಬೇಕು. ಸದ್ದು ಕೇಳಿ ಎದ್ದು ನಿಂತು "ನಿಂತಿದ್ದೆ" ಎಂದು ಬರೆಯಬಾರದು. ತಪ್ಪಿಹೋದ ನಮೂದನ್ನು ಆಮೇಲೆ ಸದ್ದಿಲ್ಲದೆ ತುಂಬಿಸದೆ, 'ತಪ್ಪಿದ್ದು' ಎಂದು ಗುರುತಿಸಿ, ತಪ್ಪಿದ ಕಾರಣವನ್ನು ಪ್ರತ್ಯೇಕವಾಗಿ ಬರೆಯಬೇಕು. ಸಂತೆಯ ದಿನವೂ ರಜೆಯ ದಿನವೂ ಸೇರುವಂತೆ ಕನಿಷ್ಠ ಎರಡು ವಾರ ನಡೆಸುವುದು ಮೇಲು. ಆರಂಭಿಸುವ ಮುನ್ನ, ತಾನು ದಿನಕ್ಕೆ ಎಷ್ಟು ಹೊತ್ತು ನಡೆಯುತ್ತೇನೆ ಎಂಬ ಅಂದಾಜನ್ನು ಒಂದು ಚೀಟಿಯಲ್ಲಿ ಬರೆದು ಮಡಚಿಡಬೇಕು.

ಕೊನೆಯಲ್ಲಿ ಚೀಟಿಯನ್ನೂ ನಮೂದುಗಳನ್ನೂ ಎದುರುಬದುರು ಇಟ್ಟು ತಾಳೆ ನೋಡಬೇಕು. ಎರಡರ ನಡುವಿನ ವ್ಯತ್ಯಾಸವೇ ಈ ಪರಿಶೋಧನೆಯ ಮುಖ್ಯ ಫಲ. ಮುಂದಿನ ಬಾರಿ ವೈದ್ಯರ ಬಳಿಗೆ ಹೋಗುವಾಗ ಚೀಟಿಯನ್ನು ಮನೆಯಲ್ಲಿಯೇ ಬಿಟ್ಟು, ನಮೂದುಗಳನ್ನು ತಪ್ಪಿದವುಗಳ ಸಹಿತ ಕೊಂಡೊಯ್ಯುವುದು ಒಳಿತು. ವ್ಯಾಪಾರದಲ್ಲಿ ತಪ್ಪು ಲೆಕ್ಕದಿಂದ ಆದ ನಷ್ಟವನ್ನು ಮರುವರ್ಷ ತುಂಬಿಕೊಳ್ಳಬಹುದು. ದೇಹದ ಲೆಕ್ಕದಲ್ಲಿ ಆ ಸೌಲಭ್ಯ ಎಲ್ಲ ಸಲವೂ ದೊರೆಯುವುದಿಲ್ಲ.