ಕುಸುಬಿ ಎಣ್ಣೆ ಮತ್ತು ಸಿಲಿಕಾ ಸ್ತಂಭ: ನಂಬಿಕೆ ಎಷ್ಟು, ನಿಜ ಎಷ್ಟು

ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳದ ಹೊಲದಂಚಿಗೆ ಮುಳ್ಳುಬೇಲಿಯಂತೆ ಬಿತ್ತುವ ಕುಸುಬಿಯ ಎಣ್ಣೆ ಕಣ್ಣಿಗೆ ಒಂದೇ ವಸ್ತುವಾಗಿ ಕಂಡರೂ ಹಲವು ಸಂಯುಕ್ತಗಳ ಮಿಶ್ರಣವಾಗಿದೆ. ಅದರ ಬಹುಪಾಲು ಟ್ರೈಗ್ಲಿಸರೈಡ್, ಅಂದರೆ ಒಂದು ಗ್ಲಿಸರಾಲಿಗೆ ಮೂರು ಕೊಬ್ಬಿನಾಮ್ಲಗಳು ಕೂಡಿ ಆದ ಅಣು. ಉಳಿದ ಅಲ್ಪಾಂಶದಲ್ಲಿ ಡೈಗ್ಲಿಸರೈಡ್, ಬಿಡಿ ಕೊಬ್ಬಿನಾಮ್ಲ, ಸ್ಟೆರಾಲ್, ವಿಟಮಿನ್ ಇ ಮುಂತಾದವು ಇರುತ್ತವೆ. ಇವುಗಳನ್ನು ಗುಂಪುಗುಂಪಾಗಿ ಬೇರ್ಪಡಿಸಲು ಗಾಜಿನ ನಳಿಗೆಯಲ್ಲಿ ಸಿಲಿಕಾ ಜೆಲ್ ತುಂಬಿ, ಮೇಲಿನಿಂದ ಎಣ್ಣೆಯನ್ನೂ ಅದರ ಹಿಂದೆ ದ್ರಾವಕವನ್ನೂ ಇಳಿಬಿಡುವ ವಿಧಾನಕ್ಕೆ ಸ್ತಂಭ ಕ್ರೊಮಟಾಗ್ರಫಿ ಎಂದು ಹೆಸರು.

ನಳಿಗೆಯಲ್ಲಿರುವ ಸಿಲಿಕಾ ಜರಡಿಯ ಹಾಗೆ ದೊಡ್ಡ ಅಣುವನ್ನು ತಡೆದು ಸಣ್ಣದನ್ನು ಬಿಡುತ್ತದೆ ಎಂಬುದು ಇದರ ಬಗೆಗಿನ ಮೊದಲ ತಪ್ಪು ಕಲ್ಪನೆ. ಹಾಗಿದ್ದರೆ ಸಣ್ಣದಾದ ಬಿಡಿ ಕೊಬ್ಬಿನಾಮ್ಲ ಮೊದಲು ಹೊರಬರಬೇಕಿತ್ತು. ಆದರೆ ಅದಕ್ಕಿಂತ ಸುಮಾರು ಮೂರು ಪಟ್ಟು ಭಾರವಾದ ಟ್ರೈಗ್ಲಿಸರೈಡೇ ಮೊದಲು ಇಳಿಯುತ್ತದೆ. ಇಲ್ಲಿ ಕೆಲಸ ಮಾಡುವುದು ಗಾತ್ರವಲ್ಲ, ಧ್ರುವೀಯತೆ, ಅಂದರೆ ಅಣುವಿನ ಒಂದು ತುದಿಯಲ್ಲಿ ತುಸು ಧನ, ಇನ್ನೊಂದರಲ್ಲಿ ತುಸು ಋಣ ವಿದ್ಯುದಂಶ ನೆಲೆಸುವ ಗುಣ. ಸಿಲಿಕಾ ಕಣದ ಮೇಲ್ಮೈ ತುಂಬ ಆಕ್ಸಿಜನ್-ಹೈಡ್ರೋಜನ್ ಜೋಡಿಗಳಿದ್ದು, ಧ್ರುವೀಯ ಅಣುಗಳನ್ನು ಅವು ಬಿಗಿಯಾಗಿ ಹಿಡಿಯುತ್ತವೆ, ಉಳಿದವನ್ನು ಬೇಗ ಬಿಟ್ಟುಕೊಡುತ್ತವೆ. ಒಂದು ಗ್ರಾಂ ಸಿಲಿಕಾದ ಒಳರಂಧ್ರಗಳ ಮೇಲ್ಮೈ ಸುಮಾರು 500 ಚದರ ಮೀಟರಿನಷ್ಟಿರುವುದರಿಂದ ಈ ಹಿಡಿಬಿಡುವಿಕೆ ಲೆಕ್ಕವಿಲ್ಲದಷ್ಟು ಸಲ ನಡೆಯುತ್ತದೆ. ಮೊದಲು ಧ್ರುವೀಯತೆ ಕಡಿಮೆಯಿರುವ ದ್ರಾವಕವನ್ನು, ಆಮೇಲೆ ಹೆಚ್ಚಿರುವುದನ್ನು ಬಿಟ್ಟಾಗ ಒಂದೊಂದೇ ಗುಂಪು ಕೆಳಗಿಳಿಯುತ್ತದೆ.

ಹೆಸರಿನಲ್ಲಿ ಜೆಲ್ ಇದ್ದರೂ ಅದು ಲೋಳೆಯಲ್ಲ, ಒಣ ಕಾಳು ಅಥವಾ ಪುಡಿ. ವಾಡಿ, ಶಹಾಬಾದ್ ಕಡೆಯ ಕಲ್ಲುಗಣಿಗಳ ಸುತ್ತ ಸಿಲಿಕಾ ಎಂದೊಡನೆ ಶ್ವಾಸಕೋಶದ ಸಿಲಿಕೋಸಿಸ್ ನೆನಪಾಗುವುದು ಸಹಜವೇ, ಆ ಭಯವನ್ನು ಹಗುರವಾಗಿ ಕಾಣಲಾಗದು. ಆದರೆ ಆ ರೋಗಕ್ಕೆ ಕಾರಣ ಸ್ಫಟಿಕ ರಚನೆಯ ಸಿಲಿಕಾ ದೂಳು, ಪ್ರಯೋಗಾಲಯದ ಜೆಲ್ ಸ್ಫಟಿಕ ರಚನೆಯಿಲ್ಲದ ಸಿಲಿಕಾ. ಆದರೂ ನಯವಾದ ಪುಡಿ ಮೂಗಿಗೆ ಹೋಗದಂತೆ ನೋಡಿಕೊಳ್ಳುವುದು ಅಗತ್ಯ.

ನಳಿಗೆಗೆ ಸಿಲಿಕಾವೇ ಬೇಕೆಂಬುದೂ ನಿಜವಲ್ಲ. ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ 1903ರಲ್ಲಿ ವಾರ್ಸಾದಲ್ಲಿ ಮೊದಲು ವಿವರಿಸಿ, 1906ರಲ್ಲಿ ವಿಸ್ತಾರವಾಗಿ ಪ್ರಕಟಿಸಿದ ಕೆಲಸದಲ್ಲಿ ಎಲೆಯ ಹಸಿರು ಮತ್ತು ಹಳದಿ ವರ್ಣದ್ರವ್ಯಗಳನ್ನು ಬೇರ್ಪಡಿಸಿದ್ದು ಕ್ಯಾಲ್ಸಿಯಂ ಕಾರ್ಬೊನೇಟಿನ ನಯವಾದ ಪುಡಿಯಲ್ಲಿ. ಶಹಾಬಾದಿನ ಫರಸಿಯಲ್ಲೂ, ವಾಡಿ ಮತ್ತು ಸೇಡಂ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳು ಸುಡುವ ಸುಣ್ಣಕಲ್ಲಿನಲ್ಲೂ ಇರುವ ಮುಖ್ಯ ವಸ್ತು ಅದೇ. ಹಾಗೆಂದು ಗಣಿಯ ಪುಡಿಯನ್ನು ನೇರವಾಗಿ ನಳಿಗೆಗೆ ತುಂಬಲಾಗದು, ಏಕೆಂದರೆ ಅದರಲ್ಲಿ ಜೇಡಿ ಮೊದಲಾದ ಕಲಬೆರಕೆಯಿದ್ದು ಕಣದ ಗಾತ್ರವೂ ಏಕರೂಪವಾಗಿರುವುದಿಲ್ಲ.

ಕುಸುಬಿ ಎಣ್ಣೆಯ ಹೆಗ್ಗಳಿಕೆಗೆ ಕಾರಣವಾದ ಲಿನೊಲಿಕ್ ಆಮ್ಲವನ್ನು ಈ ನಳಿಗೆ ಬೇರೆ ತೆಗೆದುಕೊಡುತ್ತದೆ ಎಂದೂ ಕೆಲವರು ತಿಳಿಯುತ್ತಾರೆ. ಸಾಂಪ್ರದಾಯಿಕ ತಳಿಗಳ ಕೊಬ್ಬಿನಾಮ್ಲಗಳಲ್ಲಿ ಅದರ ಪಾಲು ಶೇ. 70ಕ್ಕೂ ಹೆಚ್ಚಾದರೂ ಅದು ಟ್ರೈಗ್ಲಿಸರೈಡಿನೊಳಗೆ ಬಂಧಿತವಾಗಿರುತ್ತದೆ. ಅದರ ಪ್ರಮಾಣ ತಿಳಿಯಲು ಎಣ್ಣೆಯನ್ನು ಮೀಥೈಲ್ ಎಸ್ಟರಾಗಿ ಮಾರ್ಪಡಿಸಿ ಗ್ಯಾಸ್ ಕ್ರೊಮಟಾಗ್ರಫಿಗೆ ಒಡ್ಡಬೇಕು. ಇನ್ನು ಎಣ್ಣೆಯ ಹಳದಿ ಬಣ್ಣ ಹೂವಿನ ಎಸಳಿನದೆಂಬ ಮಾತಿಗೆ ಆಧಾರವಿಲ್ಲ. ಎಸಳಿನಿಂದ ಸಿಗುವುದು ಬಟ್ಟೆಯ ಬಣ್ಣ, ಎಣ್ಣೆ ಬರುವುದು ಬಿಳಿ ಬೀಜದಿಂದ.

ಇವೆಲ್ಲಕ್ಕಿಂತ ಹೆಚ್ಚು ತೊಂದರೆ ಮಾಡುವ ಕಲ್ಪನೆ ಭಜಿ ಕರಿಯುವ ಕಡಾಯಿಯದು. ಹೃದಯಕ್ಕೆ ಒಳ್ಳೆಯದೆಂದು ಹೆಸರಾದ ಎಣ್ಣೆಯನ್ನು ಎಷ್ಟು ಸಲ ಕಾಯಿಸಿದರೂ ಕೆಡದು, ಕಪ್ಪಾಗುವವರೆಗೆ ಬಳಸಬಹುದು, ಬಟ್ಟೆಯಲ್ಲಿ ಸೋಸಿದರೆ ಮತ್ತೆ ಹೊಸದಾಗುತ್ತದೆ ಎಂಬ ಮೂರೂ ಮಾತು ತಪ್ಪು. ಲಿನೊಲಿಕ್ ಆಮ್ಲದಲ್ಲಿ ಎರಡು ದ್ವಿಬಂಧಗಳಿರುವುದರಿಂದ ಕುಸುಬಿ ಎಣ್ಣೆ ಬಿಸಿ ಮತ್ತು ಗಾಳಿಗೆ ಬೇಗ ಸೋಲುತ್ತದೆ; ಆಗ ಟ್ರೈಗ್ಲಿಸರೈಡ್ ಒಡೆದು, ಆಕ್ಸಿಜನ್ ಕೂಡಿ, ಒಂದಕ್ಕೊಂದು ಬೆಸೆದು ಹುಟ್ಟುವ ವಸ್ತುಗಳ ಒಟ್ಟಿಗೆ ಒಟ್ಟು ಧ್ರುವೀಯ ಸಂಯುಕ್ತಗಳೆಂಬ ಹೆಸರಿದೆ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರ ಜುಲೈ 1ರಿಂದ ಜಾರಿಗೆ ತಂದ ನಿಯಮದಂತೆ ಇವುಗಳ ಪ್ರಮಾಣ ಶೇ. 25 ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ. ಈ ಅಂಕಿಯನ್ನು ಅಳೆಯುವ ಮೂಲ ವಿಧಾನವೇ ಸಿಲಿಕಾ ಸ್ತಂಭ: ತೂಗಿದ ಎಣ್ಣೆಯನ್ನು ಶೇ. 5ರಷ್ಟು ನೀರು ಬೆರೆಸಿದ ಸಿಲಿಕಾದ ಮೇಲೆ ಹಾಕಿ, 87 ಭಾಗ ಪೆಟ್ರೋಲಿಯಂ ಈಥರಿಗೆ 13 ಭಾಗ ಡೈಈಥೈಲ್ ಈಥರ್ ಸೇರಿಸಿದ ದ್ರಾವಕ ಇಳಿಬಿಟ್ಟರೆ ಕೆಡದ ಟ್ರೈಗ್ಲಿಸರೈಡ್ ಹೊರಬರುತ್ತದೆ. ದ್ರಾವಕವನ್ನು ಆರಿಸಿ ಅದನ್ನು ತೂಗಿ, ಮೂಲ ತೂಕದಿಂದ ಕಳೆದರೆ ಉಳಿಯುವುದೇ ಧ್ರುವೀಯ ಪಾಲು. ತಾಜಾ ಎಣ್ಣೆಯಲ್ಲೂ ಇದರ ಪ್ರಮಾಣ ಸೊನ್ನೆಯಿರುವುದಿಲ್ಲ.

ಬಟ್ಟೆ ಹಿಡಿಯುವುದು ಕರಕಲು ಚೂರುಗಳನ್ನು ಮಾತ್ರ, ಎಣ್ಣೆಯಲ್ಲಿ ಕರಗಿದ ಸಂಯುಕ್ತಗಳನ್ನಲ್ಲ. ಸಿಲಿಕೇಟ್ ಪುಡಿ ಬೆರೆಸಿ ಸೋಸಿದರೆ ಬಿಡಿ ಆಮ್ಲದ ಸ್ವಲ್ಪ ಭಾಗವೂ ಬಣ್ಣವೂ ಇಳಿಯುತ್ತವೆ, ಆದರೆ ಬೆಸೆದುಕೊಂಡ ಭಾರದ ಅಣುಗಳಲ್ಲಿ ಹೆಚ್ಚಿನವು ಎಣ್ಣೆಯಲ್ಲೇ ನಿಲ್ಲುತ್ತವೆ. ಆದ್ದರಿಂದ ಹೊಂಬಣ್ಣಕ್ಕೆ ತಿರುಗಿದ ಆ ಎಣ್ಣೆ ಶೇ. 25ರ ಗಡಿಯನ್ನು ದಾಟಿಯೇ ಇರಬಹುದು.