ಮೊದಲು ಒಂದು ಮಳೆಗಾಲ ಓಡಿಸಿ

2023ರ ಆಯುಧಪೂಜೆಯ ದಿನ ಖಾನಾಪುರದ ನಮ್ಮ ಮನೆ ಮುಂದೆ ಮೊದಲ ಸಲ ನಮ್ಮದೇ ಕಾರು ನಿಂತಿತು. ಅವ್ವ ನಾಲ್ಕೂ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಓಣಿಯ ಹುಡುಗರು ಸನ್‌ರೂಫ್ ಐತೇನು ಅಂತ ಇಣುಕಿ ನೋಡಿದರು. ಇರಲಿಲ್ಲ. ಅಪ್ಪ ಮಾತ್ರ ಯಾರ ಜೊತೆಗೂ ಮಾತಾಡದೆ ಬಾನೆಟ್ ಎತ್ತಿ, ಆಯಿಲ್ ಕಡ್ಡಿ ತೆಗೆದು, ಒರೆಸಿ, ಮತ್ತೆ ಅದ್ದಿ ನೋಡುತ್ತಿದ್ದರು. ಷೋರೂಮಿನಿಂದ ಆಗಷ್ಟೇ ಬಂದ ಕಾರಿನಲ್ಲಿ ಆಯಿಲ್ ಯಾಕೆ ಕಡಿಮೆ ಇರುತ್ತದೆ? ಆದರೆ ಅದು 31 ವರ್ಷ ಡಿಪೊದಲ್ಲಿ ದಿನಾ ಬೆಳಿಗ್ಗೆ ಬಸ್ ಹತ್ತುವ ಮುಂಚೆ ಮಾಡಿದ ಕೆಲಸ. ಕೈ ಸುಮ್ಮನಿರಲಿಲ್ಲ.

ಅಪ್ಪ ಸಾರಿಗೆ ಸಂಸ್ಥೆಯಲ್ಲಿ ಚಾಲಕರಾಗಿದ್ದರು. ಜಾಂಬೋಟಿ, ಕಣಕುಂಬಿ, ಲೋಂಡಾ, ನಂದಗಡ, ಹಲಸಿ ಹೀಗೆ ನಮ್ಮ ತಾಲ್ಲೂಕಿನಲ್ಲಿ ಅವರು ಬಸ್ ಓಡಿಸದ ರಸ್ತೆ ಕಡಿಮೆ. ಅಷ್ಟು ವರ್ಷ ಊರಿಗೆಲ್ಲ ಬಸ್ ಓಡಿಸಿದವರ ಮನೆಯಲ್ಲಿದ್ದದ್ದು ಒಂದು ಹಳೆಯ ಸ್ಕೂಟರ್. ನಿವೃತ್ತಿಯಾದಾಗ ಬಂದ ಹಣದಲ್ಲಿ ಅಕ್ಕನ ಮದುವೆಯ ಸಾಲ ತೀರಿಸಿ, ಉಳಿದದ್ದಕ್ಕೆ ಐದು ಲಕ್ಷ ಬ್ಯಾಂಕ್ ಸಾಲ ಸೇರಿಸಿ ಈ ಕಾರು ತಂದರು. ಅವ್ವನಿಗೆ ಉಬ್ಬಸ. ಮಳೆಗಾಲದಲ್ಲಿ ಅವಳನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ಬೆಳಗಾವಿಗೆ ಹೋಗುವುದು ಇನ್ನು ಬೇಡ ಎನ್ನುವುದೊಂದೇ ಕಾರಣ.

ನನಗೆ ಬೇರೆಯೇ ಕಾರಣವಿತ್ತು. ನಾನು ಆಗ ಬಿ.ಕಾಂ. ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೆ. ಅಂದರೆ ಕೆಲಸ ಇರಲಿಲ್ಲ. ‘ಈಗ ಏನ್ ಮಾಡಾಕತ್ತಿ?’ ಅಂತ ಎದುರಾದವರೆಲ್ಲ ಕೇಳುವ ಕಾಲದಲ್ಲಿ, ‘ನಮ್ಮ ಮನ್ಯಾಗ ಎಸ್‌ಯುವಿ ಐತಿ’ ಎಂದು ಹೇಳಿಕೊಳ್ಳುವುದಕ್ಕೆ ಒಂದು ಬೆಲೆ ಇತ್ತು.

ಎಸ್‌ಯುವಿ ಹೌದೋ ಅಲ್ಲವೋ?

ನಿಜ ಹೇಳಬೇಕೆಂದರೆ ಅದು ಎಸ್‌ಯುವಿ ಅಲ್ಲ, ಕ್ರಾಸ್‌ಓವರ್. ಥಾರ್, ಸ್ಕಾರ್ಪಿಯೊ, ಬೊಲೆರೊದಂಥ ಗಾಡಿಗಳಲ್ಲಿ ಲಾರಿಗಿರುವಂತೆ ಕೆಳಗೊಂದು ಏಣಿಯಾಕಾರದ ಚಾಸಿ ಇರುತ್ತದೆ. ಅದರ ಮೇಲೆ ಬಾಡಿ ಕೂರಿಸಿರುತ್ತಾರೆ. ಕ್ರಾಸ್‌ಓವರ್‌ನಲ್ಲಿ ಹಾಗಿಲ್ಲ. ಸಾಮಾನ್ಯ ಕಾರಿನಂತೆ ಚಾಸಿ, ಬಾಡಿ ಎಲ್ಲ ಒಂದೇ ಪೆಟ್ಟಿಗೆ. ಅದನ್ನೇ ಸ್ವಲ್ಪ ಎತ್ತರಿಸಿ, ಎದೆಯುಬ್ಬಿಸಿದ ರೂಪ ಕೊಟ್ಟಿರುತ್ತಾರೆ. ಮಾರುತಿಯ ಫ್ರಾಂಕ್ಸ್ ಬಲೆನೊ ಕಾರಿನ ಬುನಾದಿಯ ಮೇಲೆ ನಿಂತಿದೆ. ಟಾಟಾದ ಪಂಚ್, ಅಲ್ಟ್ರೋಜ್‌ನ ಬುನಾದಿಯ ಮೇಲೆ. ಈ ವರ್ಗದ ಬಹುತೇಕ ಗಾಡಿಗಳಲ್ಲಿ ಎಂಜಿನ್ನಿನ ಬಲ ಹೋಗುವುದು ಮುಂದಿನ ಎರಡು ಗಾಲಿಗೆ ಮಾತ್ರ.

ಹಾಗಂತ ಇವು ಕಡಿಮೆಯವಲ್ಲ. 2016ರಲ್ಲಿ ಬ್ರೆಝಾ, ಮರುವರ್ಷ ನೆಕ್ಸಾನ್, 2021ರಲ್ಲಿ ಪಂಚ್, 2023ರಲ್ಲಿ ಫ್ರಾಂಕ್ಸ್ ಹಾಗೂ ಎಕ್ಸ್‌ಟರ್ ಬಂದದ್ದೇ ನಮ್ಮಂಥ ಮನೆಗಳಿಗಾಗಿ. ಉದ್ದ ನಾಲ್ಕು ಮೀಟರ್ ಒಳಗಿದ್ದು, ಪೆಟ್ರೋಲ್ ಎಂಜಿನ್ 1200 ಸಿಸಿ ಮೀರದಿದ್ದರೆ ತೆರಿಗೆಯೂ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಇಂಥ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಹಳ್ಳಿ ರಸ್ತೆಯ ಹಂಪು, ಗುಂಡಿಗಳಿಗೆ ಅಡಿ ತಾಗುವುದಿಲ್ಲ. ವಯಸ್ಸಾದವರಿಗೆ ಬಗ್ಗದೆ ಹತ್ತಿ ಇಳಿಯಲು ಸಲೀಸು. ನಮ್ಮಪ್ಪನಿಗೆ ಇಷ್ಟು ಸಾಕಿತ್ತು, ನನಗೆ ಸಾಕಾಗಲಿಲ್ಲ.

ಪಟ್ಟಿ ಮತ್ತು ಕಂತು

ಕಾರು ಬುಕ್ ಮಾಡಿದ ದಿನವೇ ಅಕ್ಸೆಸರಿಗಳ ಪಟ್ಟಿ ಕೈಗೆ ಬಂದಿತ್ತು. ಕ್ರೋಮ್ ಪಟ್ಟಿ, ಬಾಗಿಲಿನ ಮೇಲೆ ಮಳೆ ತಡೆಯುವ ವೈಸರ್, ಸ್ಕಫ್ ಪ್ಲೇಟ್, ಸೀಟ್ ಕವರ್, ಆ್ಯಂಬಿಯೆಂಟ್ ಲೈಟ್ ಹೀಗೆ ಒಟ್ಟು 60 ಸಾವಿರ. ‘ಸಾಲದಾಗ ಸೇರಿಸಿಬಿಟ್ರ ತಿಂಗಳಿಗೆ ಸಾವಿರ ಚಿಲ್ಲರೆ ಅಷ್ಟ’ ಎಂದು ನಾನೇ ಅಪ್ಪನಿಗೆ ವಕೀಲಿಕೆ ಮಾಡಿದೆ. ‘ಬಿ.ಕಾಂ. ಮಾಡಿಯಲ್ಲ, ಲೆಕ್ಕ ಹಾಕು’ ಅಂದರು.

ಹಾಕಿದೆ. ಶೇ 9ರ ಬಡ್ಡಿ, ಐದು ವರ್ಷ. ಐದು ಲಕ್ಷಕ್ಕೆ ತಿಂಗಳ ಕಂತು 10,379 ರೂಪಾಯಿ. ಅದಕ್ಕೆ 60 ಸಾವಿರ ಸೇರಿಸಿದರೆ ಕಂತು 1,245 ರೂಪಾಯಿ ಏರುತ್ತದೆ. ಸಣ್ಣದೆನಿಸಿತು. ಆದರೆ 60 ತಿಂಗಳು ಕಟ್ಟಿದರೆ 74,700 ರೂಪಾಯಿ. ಎರಡನೇ ವರ್ಷಕ್ಕೆ ಹರಿದುಹೋಗುವ ಸೀಟ್ ಕವರಿಗೆ ಐದನೇ ವರ್ಷದಲ್ಲೂ ಬಡ್ಡಿ ಕಟ್ಟುತ್ತಿರಬೇಕು! ಅಪ್ಪ ಪಟ್ಟಿಯಲ್ಲಿ ರಬ್ಬರ್ ಮ್ಯಾಟ್ ಮತ್ತು ಮಡ್‌ಫ್ಲ್ಯಾಪ್ ಎರಡನ್ನೇ ಉಳಿಸಿ, ಬಾಕಿ ಎಲ್ಲದರ ಮೇಲೆ ಗೆರೆ ಎಳೆದರು.

ನಾನು ಸುಮ್ಮನಾಗಲಿಲ್ಲ. ಧಾರವಾಡದಲ್ಲಿ ಕೋಚಿಂಗ್ ಸೇರಲೆಂದು, ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಕೆಲ ತಿಂಗಳು ಬಿಲ್ ಬರೆದು 22 ಸಾವಿರ ಕೂಡಿಟ್ಟಿದ್ದೆ. ಮುಂದಿನ ಫೆಬ್ರುವರಿಯಲ್ಲಿ ಅಪ್ಪ ಅಕ್ಕನ ಊರಿಗೆ ಹೋದಾಗ ಕಾರನ್ನು ಬೆಳಗಾವಿಯ ಒಂದು ಅಂಗಡಿಗೆ ಒಯ್ದೆ. ಮುಂದೆ ಸ್ಟೀಲಿನ ಗಾರ್ಡ್ 7,500, ಅದರ ಮೇಲೆ ಎರಡು ಎಲ್‌ಇಡಿ ದೀಪ 4,200, ಸೀಟ್ ಕವರ್ 5,000, ಹಾರ್ನ್ ಮತ್ತು ಸ್ಟಿಕ್ಕರ್ 1,800. ಒಟ್ಟು 18,500 ರೂಪಾಯಿ. ಸಂಜೆ ಖಾನಾಪುರದ ಬಸ್ ನಿಲ್ದಾಣದ ಮುಂದೆ ಎರಡು ಸುತ್ತು ಹಾಕಿದೆ. ನಾಲ್ಕು ಜನ ತಿರುಗಿ ನೋಡಿದರು. ನನ್ನ ಕೋಚಿಂಗ್ ಹಣಕ್ಕೆ ಅಷ್ಟು ಸಿಕ್ಕಿತು.

ಅಪ್ಪ ಬಂದು ನೋಡಿದರು. ಬೈಯಲಿಲ್ಲ. ಗಾರ್ಡನ್ನು ಬೆರಳಿನಿಂದ ತಟ್ಟಿ, ‘ಮುಂದಿನ ಬಂಪರ್ ಮುರೀಲಿ ಅಂತನ ಮಾಡಿರ್ತಾರ. ಅದು ಮುರದ್ರ ಒಳಗಿನ ಮಂದಿ ಉಳೀತಾರ’ ಅಂದರು. ನನಗೆ ಅದು ಹಳೆಯ ಕಾಲದ ಮಾತು ಅನ್ನಿಸಿತು. ಜೂನ್‌ನಲ್ಲಿ ಮಲಪ್ರಭೆ ಹುಟ್ಟುವ ಕಣಕುಂಬಿಗೆ ಹೋಗಿದ್ದೆವು. ಜಾಂಬೋಟಿ ದಾಟಿದ ಮೇಲೆ ಮಂಜು ಮುಸುಕಿತು. ನಾನು ಜಂಬದಿಂದ ಹೊಸ ದೀಪ ಹಾಕಿದೆ. ಎದುರಿಗೆ ಬಿಳಿ ಗೋಡೆ ಎದ್ದು ನಿಂತಂತಾಯಿತು. ರಸ್ತೆಯ ಅಂಚೇ ಕಾಣಲಿಲ್ಲ. ಬೆಳಕು ಹೆಚ್ಚಾದಷ್ಟೂ ಮಂಜಿನ ಹನಿಗಳು ಅದನ್ನು ನಮ್ಮ ಕಣ್ಣಿಗೇ ತಿರುಗಿಸುತ್ತವೆ. ‘ಆರಿಸು’ ಅಂದರು ಅಪ್ಪ. ಲೋ ಬೀಮ್‌ನಲ್ಲಿ, ಎರಡನೇ ಗೇರಿನಲ್ಲಿ, ಎಡಗಡೆ ಅಂಚು ಹಿಡಿದು ನಿಧಾನಕ್ಕೆ ಹೋದೆವು. ಆಗಲೂ ನನಗೆ ಪಾಠ ಹತ್ತಲಿಲ್ಲ.

ಆ ರಾತ್ರಿ

ಜುಲೈನ ಒಂದು ರಾತ್ರಿ, ಹನ್ನೊಂದು ದಾಟಿತ್ತು. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಅವ್ವನಿಗೆ ಉಬ್ಬಸ ಏರಿತು. ಇನ್‌ಹೇಲರ್ ಎರಡು ಸಲ ಕೊಟ್ಟರೂ ಉಸಿರು ಹತೋಟಿಗೆ ಬರಲಿಲ್ಲ. ಬೆಳಗಾವಿ 25 ಕಿಲೋಮೀಟರ್ ಆಸುಪಾಸು. ನಾನು ಓಡಿಸುತ್ತಿದ್ದೆ, ಅಪ್ಪ ಹಿಂದಿನ ಸೀಟಿನಲ್ಲಿ ಅವ್ವನನ್ನು ಆನಿಸಿಕೊಂಡು ಕೂತಿದ್ದರು. ಮಳೆ ಜೋರಿತ್ತು ಎಂದು ಎಲ್‌ಇಡಿ ದೀಪಗಳನ್ನೂ ಹಾಕಿದ್ದೆ.

ಪ್ರಭುನಗರ ಇನ್ನೂ ಬಂದಿರಲಿಲ್ಲ. ಏಕಾಏಕಿ ಮುಂದೆಲ್ಲ ಕತ್ತಲಾಯಿತು. ಎಲ್‌ಇಡಿ ಅಷ್ಟೇ ಅಲ್ಲ, ಕಾರಿನ ಹೆಡ್‌ಲೈಟೂ ಹೋಗಿತ್ತು. ಉಳಿದದ್ದು ಪಾರ್ಕಿಂಗ್ ದೀಪದ ಮಿಣುಕು. ಹೇಗೋ ಎಡಕ್ಕೆ ತಂದು ನಿಲ್ಲಿಸಿದೆ. ಹಿಂದಿನಿಂದ ಬಂದ ಲಾರಿಯೊಂದು ಹಾರ್ನ್ ಹೊಡೆಯುತ್ತ, ನೀರು ಎರಚಿ ಹೋಯಿತು. ನನ್ನ ಕೈ ನಡುಗುತ್ತಿತ್ತು. ಹಿಂದಿನ ಸೀಟಿನಲ್ಲಿ ಅವ್ವನ ಉಸಿರು ಸೀಟಿ ಹೊಡೆದಂತೆ ಕೇಳುತ್ತಿತ್ತು.

ಅಪ್ಪ ಇಳಿದರು. ಹಜಾರ್ಡ್ ಲೈಟ್ ಹಾಕಿಸಿದರು. ಡಿಕ್ಕಿಯಿಂದ ಕೆಂಪು ತ್ರಿಕೋನ ತೆಗೆದು ನನ್ನ ಕೈಗೆ ಕೊಟ್ಟು, ‘ಐವತ್ತು ಹೆಜ್ಜಿ ಹಿಂದ ಇಟ್ಟು ಬಾ’ ಅಂದರು. ನಾನು ಬರುವಷ್ಟರಲ್ಲಿ ಬಾನೆಟ್ ಎತ್ತಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಫ್ಯೂಸ್ ಪೆಟ್ಟಿಗೆ ತೆರೆದಿದ್ದರು. ಅಂಗಡಿಯಲ್ಲಿ ಎಲ್‌ಇಡಿಗೆ ಬೇರೆ ರಿಲೇ, ಬೇರೆ ಫ್ಯೂಸ್ ಹಾಕಿರಲಿಲ್ಲ. ಹೆಡ್‌ಲೈಟಿನ ವೈರ್ ಸುಲಿದು, ಅದಕ್ಕೇ ಹೊಸ ವೈರ್ ಸುತ್ತಿ, ಟೇಪ್ ಅಂಟಿಸಿದ್ದರು. ಮಳೆನೀರು ಆ ಕೀಲಿಗೆ ಇಳಿದು ಶಾರ್ಟ್ ಆಗಿತ್ತು. ಅಪ್ಪ ಎಲ್‌ಇಡಿ ವೈರನ್ನು ಕತ್ತರಿಸಿ, ತುದಿಗೆ ಟೇಪ್ ಸುತ್ತಿ, ಸುಟ್ಟ ಫ್ಯೂಸ್ ಕಿತ್ತು, ತಮ್ಮ ಡಬ್ಬಿಯಿಂದ ಒಂದು ನೀಲಿ ಫ್ಯೂಸ್ ತೆಗೆದು ಒತ್ತಿದರು. ನೀಲಿ ಎಂದರೆ 15 ಆಂಪಿಯರ್, ಕೆಂಪು 10, ಹಳದಿ 20. ನನಗೆ ಅದೂ ಗೊತ್ತಿರಲಿಲ್ಲ. ಹೆಡ್‌ಲೈಟ್ ಹತ್ತಿತು.

ಇಷ್ಟಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ. ಆಸ್ಪತ್ರೆಯಲ್ಲಿ ಆಕ್ಸಿಜನ್, ನೆಬ್ಯುಲೈಸರ್ ಹಾಕಿದರು. ಬೆಳಗಿನ ಹೊತ್ತಿಗೆ ಅವ್ವ ಚಹಾ ಕೇಳಿದಳು. ಎರಡು ದಿನದ ಮೇಲೆ ಮನೆಗೆ ಬಂದಳು. ಅಪ್ಪ ಆಗಲೂ ಬೈಯಲಿಲ್ಲ. ‘ಆ ಅಂಗಡಿ ಬಿಲ್ ಐತೇನು?’ ಅಂತ ಮಾತ್ರ ಕೇಳಿದರು. ಕೊಟ್ಟೆ. ಅದನ್ನು ಮಡಚಿ, ಕಾರಿನ ವಿಮೆ ಪತ್ರದ ಜೊತೆ ಇಟ್ಟರು.

ಹಾಕಿಸುವ ಮುಂಚೆ

ಆಮೇಲೆ ನಾನು ಓದಿ, ವಿಚಾರಿಸಿ ತಿಳಿದುಕೊಂಡದ್ದನ್ನು ಹೊಸ ಗಾಡಿಯ ಕನಸಿನಲ್ಲಿರುವ ಗೆಳೆಯರಿಗಾಗಿ ಇಲ್ಲಿ ಹೇಳುತ್ತೇನೆ.

ಮುಂದಿನ ಗಾರ್ಡ್: ಡಿಕ್ಕಿಯಾದಾಗ ಮುಂಭಾಗ ಮುದುಡಿ ಹೊಡೆತವನ್ನು ನುಂಗುವಂತೆ ಕಾರು ಮಾಡಿರುತ್ತಾರೆ. ಸ್ಟೀಲ್ ಗಾರ್ಡ್ ಆ ಹೊಡೆತವನ್ನು ನೇರ ಒಳಗೆ ಸಾಗಿಸುತ್ತದೆ. ಏರ್‌ಬ್ಯಾಗ್ ಸೆನ್ಸರ್ ಸರಿಯಾದ ಕ್ಷಣಕ್ಕೆ ಕೆಲಸ ಮಾಡದಿರಬಹುದು. ಎದುರಿನ ಪಾದಚಾರಿಗಂತೂ ಅದು ಕಬ್ಬಿಣದ ಏಟು. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಇವುಗಳ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಬರೆದಿತ್ತು. ನಿಯಮ ಮೀರಿದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯಲ್ಲಿ ಒಂದೊಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಹಳೆಯ ಕಾಲದ್ದು ಅಂದುಕೊಂಡಿದ್ದ ಅಪ್ಪನ ಮಾತು ನಿಜಕ್ಕೂ ಹೊಸ ಕಾಲದ್ದಾಗಿತ್ತು.

ಹೆಚ್ಚುವರಿ ದೀಪ: ವ್ಯಾಟನ್ನು 12ರಿಂದ ಭಾಗಿಸಿ. 72 ವ್ಯಾಟಿನ ದೀಪಕ್ಕೆ ಆರು ಆಂಪಿಯರ್ ಬೇಕು. ಕಾರಿನ ಮೂಲ ವೈರು, ಫ್ಯೂಸುಗಳನ್ನು ಆ ಹೆಚ್ಚಿನ ಹೊರೆಗೆಂದು ಮಾಡಿರುವುದಿಲ್ಲ. ವೈರ್ ಸುಲಿದು ಮಾಡಿದ ಕೆಲಸದಿಂದ ಆದ ಹಾನಿಗೆ ಕಂಪನಿಯ ವಾರಂಟಿ ಸಿಗುವುದು ಕಷ್ಟ. ಹೊರಗೆ ಹಾಕಿಸಿದ ವಿದ್ಯುತ್ ಉಪಕರಣಗಳನ್ನು ಪಾಲಿಸಿಯಲ್ಲಿ ನಮೂದಿಸಿ, ಹೆಚ್ಚುವರಿ ಪ್ರೀಮಿಯಂ ಕಟ್ಟದಿದ್ದರೆ ವಿಮೆಯಲ್ಲಿ ಅವಕ್ಕೆ ಪರಿಹಾರವಿಲ್ಲ.

ಸೀಟ್ ಕವರ್: ಪಕ್ಕದ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅದು ಸಾಮಾನ್ಯವಾಗಿ ಮುಂದಿನ ಸೀಟಿನ ಹೊರ ಅಂಚಿನಿಂದ ಸಿಡಿಯುತ್ತದೆ. ಸುತ್ತ ಬಿಗಿಯಾಗಿ ಹೊಲಿದ ಕವರ್ ಅದನ್ನು ತಡೆಯುತ್ತದೆ. ಆ ಜಾಗ ಬಿಟ್ಟು ಹೊಲಿದ ಕವರ್ ಮಾತ್ರ ಹಾಕಿಸಿ.

ಕಪ್ಪು ಗಾಜು: ಸುಪ್ರೀಂ ಕೋರ್ಟ್ 2012ರ ಏಪ್ರಿಲ್ 27ರಂದು ಕಪ್ಪು ಫಿಲ್ಮ್‌ಗೆ ತಡೆ ಹಾಕಿತು. ನಿಯಮದಂತೆ ಮುಂದಿನ, ಹಿಂದಿನ ಗಾಜಿನಲ್ಲಿ ಶೇ 70, ಪಕ್ಕದ ಗಾಜಿನಲ್ಲಿ ಶೇ 50ರಷ್ಟಾದರೂ ಬೆಳಕು ಹಾಯಬೇಕು.

ಇನ್ನು ಸೀಟ್‌ಬೆಲ್ಟ್ ಅಲಾರಂ ಬಾಯಿ ಮುಚ್ಚಿಸುವ ಕ್ಲಿಪ್. ಇದನ್ನು ಮಾರುತ್ತಿದ್ದ ಆನ್‌ಲೈನ್ ಮಾರಾಟ ತಾಣಗಳ ವಿರುದ್ಧ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಆದೇಶ ಹೊರಡಿಸಿತು. ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಈಗ ನಮ್ಮ ಕಾರಿನಲ್ಲಿ ಗಾರ್ಡ್ ಇಲ್ಲ, ಎಲ್‌ಇಡಿ ಇಲ್ಲ. ಗುಜರಿಗೆ ಹಾಕಿದಾಗ 7,500ರ ಗಾರ್ಡಿಗೆ 600 ರೂಪಾಯಿ ಬಂತು. ಆ ಹಣಕ್ಕೆ ಇನ್ನಷ್ಟು ಸೇರಿಸಿ ಟೈರಿಗೆ ಗಾಳಿ ತುಂಬುವ ಸಣ್ಣ ಪಂಪ್ ತಂದೆವು. ಡಿಕ್ಕಿಯಲ್ಲಿ ಎಳೆಯುವ ಹಗ್ಗ, ಎರಡು ರೇನ್‌ಕೋಟ್, ಟಾರ್ಚ್, ಅಪ್ಪನ ಫ್ಯೂಸ್ ಡಬ್ಬಿ, ಅವ್ವನ ಹೆಚ್ಚುವರಿ ಇನ್‌ಹೇಲರ್ ಇವೆ. ಪ್ರತಿ ಮಳೆಗಾಲಕ್ಕೆ ಮುಂಚೆ ವೈಪರ್ ರಬ್ಬರ್ ಬದಲಿಸುತ್ತೇವೆ, ಟೈರಿನ ಸವೆತ ನೋಡುತ್ತೇವೆ. ಇವನ್ನೆಲ್ಲ ನೋಡಿ ಯಾರೂ ತಿರುಗಿ ನಿಲ್ಲುವುದಿಲ್ಲ.

ಕೋಚಿಂಗ್ ಒಂದು ವರ್ಷ ತಡವಾಯಿತು. ಕಳೆದ ವರ್ಷ ಧಾರವಾಡಕ್ಕೆ ಹೋಗಿ ಬಂದೆ. ಪರೀಕ್ಷೆ ಬರೆದಿದ್ದೇನೆ, ಫಲಿತಾಂಶಕ್ಕೆ ಕಾಯುತ್ತಿದ್ದೇನೆ. ಅಲ್ಲಿಯವರೆಗೆ ಉದ್ಯಮಬಾಗದಲ್ಲಿ ಅದೇ ಬಿಲ್ ಬರೆಯುವ ಕೆಲಸ. ಕಾರಿನ ಕಂತಿನಲ್ಲಿ ತಿಂಗಳಿಗೆ ನಾಲ್ಕು ಸಾವಿರ ಈಗ ನನ್ನದು.

ಹೋದ ವಾರ ನಮ್ಮ ಓಣಿಯ ಹುಡುಗನೊಬ್ಬನ ಮನೆಗೆ ಹೊಸ ಕ್ರಾಸ್‌ಓವರ್ ಬಂತು. ‘ಅಣ್ಣಾ, ಏನೇನ್ ಹಾಕಿಸ್ಲಿ?’ ಅಂತ ಕೇಳಿದ. ‘ಮೊದಲ ಒಂದು ಮಳಿಗಾಲ ಹಂಗ ಓಡಿಸು. ಏನ್ ಬೇಕಂತ ರಸ್ತೇನ ಹೇಳತೈತಿ’ ಅಂದೆ. ಅವನ ಮುಖ ಸಪ್ಪಗಾಯಿತು. ನಮ್ಮ ಕಾರಿನ ಗ್ಲೋವ್‌ಬಾಕ್ಸ್ ತೆಗೆದು, ವಿಮೆ ಪತ್ರದ ಜೊತೆ ಇನ್ನೂ ಇರುವ ಆ 18,500 ರೂಪಾಯಿಯ ಬಿಲ್ ತೋರಿಸಿದೆ. ಪೂರ್ತಿ ಕಥೆ ಕೇಳಿಕೊಂಡೇ ಹೋದ.